ತಗಡಿನ ಗೋಡೆಯಲ್ಲೊಂದು ಕಿಟಕಿ

ನನಗೆ ಕ್ಷಯ ಬಂದಿತ್ತು. ಈ ಮಾತನ್ನು ಹೀಗೆ ನೇರವಾಗಿ ಬರೆಯುವುದಕ್ಕೆ ನನಗೆ ಇಷ್ಟು ವರ್ಷ ಹಿಡಿಯಿತು. ಆ ಕಾಲದಲ್ಲಿ ನಮ್ಮಲ್ಲಿ ಯಾರೂ ಅದರ ಹೆಸರು ಹೇಳುತ್ತಿರಲಿಲ್ಲ. "ಎದೆ ಸರಿಯಿಲ್ಲವಂತೆ" ಎಂದು ದನಿ ತಗ್ಗಿಸಿ ಹೇಳಿ ಸುಮ್ಮನಾಗುತ್ತಿದ್ದರು. ಸೆರಗಿನಲ್ಲಿ ಕೆಮ್ಮು ಅಡಗಿಸಿಕೊಂಡು ನಲ್ಲಿಯ ಸಾಲಿನಲ್ಲಿ ನಿಲ್ಲುವ ಹೆಂಗಸರು ಈಗಲೂ ಎಲ್ಲೋ ಇರುತ್ತಾರೆ. ಅವರಲ್ಲಿ ಒಬ್ಬಳಾದರೂ ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ಸಮಾಧಾನದ ಮಾತು ಹುಡುಕಿಕೊಂಡು ಬಂದವರಿಗೆ ಮೊದಲೇ ಹೇಳಿಬಿಡುತ್ತೇನೆ. ನನಗೆ ಕಾಯಿಲೆ ಗುಣವಾಗಿದೆ, ಕೋಪ ಗುಣವಾಗಿಲ್ಲ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನನ್ನ ಗಂಡ ಚನ್ನಪ್ಪ ಬಟ್ಟೆ ಮಿಲ್ಲಿನಲ್ಲಿ ಫಿಟ್ಟರ್. ನಾನು ಲೋಯರ್ ಸೆಕೆಂಡರಿವರೆಗೆ ಓದಿದವಳು. ವಠಾರದ ಹೆಂಗಸರಿಗೆ ಕಾಗದ ಬರೆದುಕೊಡುವುದು, ಬಂದ ಕಾಗದ ಓದಿ ಹೇಳುವುದು ನನ್ನ ಕೆಲಸ. ಮಾಗಡಿ ರಸ್ತೆಯ ಪಕ್ಕದಲ್ಲಿ ಸರ್ಕಾರ ಎಂದೋ ಕಟ್ಟಿಸಿದ್ದ ಕೂಲಿ ಲೈನಿನ ಸಾಲುಮನೆಗಳಲ್ಲಿ ನಮ್ಮ ಮನೆ. ನಾಡಹೆಂಚಿನ ಮಾಡು, ಒಂದು ಕೋಣೆ, ಮುಂದೆ ಜಗಲಿ. ಸೋರುತ್ತಿತ್ತು, ಕಕ್ಕಸು ದೂರವಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಎದುರುಬದುರು ಎರಡು ಬಾಗಿಲು ತೆರೆದರೆ ಗಾಳಿ ಓಡಾಡುತ್ತಿತ್ತು. ಆ ಮನೆಯಲ್ಲಿ ನಾನು, ಚನ್ನಪ್ಪ, ಅತ್ತೆ ತಿಮ್ಮಕ್ಕ, ಮಗಳು ಸರೋಜ. ಅಲ್ಲಿದ್ದ ಆರು ವರ್ಷದಲ್ಲಿ ನಮ್ಮಲ್ಲಿ ಯಾರೂ ಆಸ್ಪತ್ರೆಯ ಮೆಟ್ಟಿಲು ಹತ್ತಿರಲಿಲ್ಲ.

ಒಂದು ದಿನ ಅಧಿಕಾರಿಗಳು ಬಂದರು. ಹಳೆಯ ಲೈನು ಕೆಡವಿ ಹೊಸ ಬಡಾವಣೆಯಲ್ಲಿ ಸಿಮೆಂಟಿನ ಮನೆ ಕಟ್ಟಿಕೊಡುತ್ತೇವೆ, ಮನೆಗೊಂದು ನಲ್ಲಿ, ಮನೆಗೊಂದು ಕಕ್ಕಸು ಎಂದರು. ನಾವು ಅವರಿಗೆ ಹಾರ ಹಾಕಿದೆವು. ಹಾರ ಕಟ್ಟಿದವಳು ನಾನೇ. "ಮನೆ ಮುಗಿಯೋವರೆಗೂ ರಾಜಾಜಿನಗರದ ಬಯಲಲ್ಲಿ ಷೆಡ್ಡು ಹಾಕ್ಕೊಡ್ತೀವಿ. ಆರೇ ತಿಂಗಳು. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದರು. ಆರು ತಿಂಗಳೆಂದರೆ ಒಂದು ಮಳೆಗಾಲ, ಕಳೆದರಾಯಿತು ಎಂದುಕೊಂಡೆವು. ಎರಡು ಮಳೆಗಾಲ ಕಳೆದು ಮೂರನೆಯದು ಬಂದಾಗಲೂ ನಾವು ಅಲ್ಲೇ ಇದ್ದೆವು.

ಷೆಡ್ಡು ಹೇಗಿತ್ತೆಂದು ಹೇಳಬೇಕು, ಏಕೆಂದರೆ ನನ್ನ ಕಾಯಿಲೆಯ ಕಥೆ ಶುರುವಾಗುವುದು ಅಲ್ಲಿಂದ. ಉದ್ದಕ್ಕೆ ತಗಡಿನ ಒಂದೇ ಕೊಟ್ಟಿಗೆ. ಅದರೊಳಗೆ ಬಿದಿರಿನ ತಟ್ಟಿ ನಿಲ್ಲಿಸಿ ಕೋಣೆ ಕೋಣೆಯಾಗಿ ಬೇರ್ಪಡಿಸಿದ್ದರು. ತಟ್ಟಿ ಆಳುದ್ದ ಇತ್ತು, ಮಾಡಿನವರೆಗೆ ಮುಟ್ಟುತ್ತಿರಲಿಲ್ಲ. ಒಬ್ಬರ ಒಲೆಯ ಹೊಗೆ ಎಲ್ಲರಿಗೂ, ಒಬ್ಬರ ಕೆಮ್ಮು ಎಲ್ಲರಿಗೂ. ಮುಂದಕ್ಕೊಂದು ಬಾಗಿಲು ಬಿಟ್ಟರೆ ಕಿಟಕಿ ಎಂಬುದು ಯಾವ ಕೋಣೆಗೂ ಇರಲಿಲ್ಲ. ಬೇಸಿಗೆಯಲ್ಲಿ ತಗಡು ಕಾದು ಒಳಗೆ ಬೇಯುತ್ತಿದ್ದೆವು. ಮಳೆಯಲ್ಲಿ ಮಣ್ಣಿನ ನೆಲದಿಂದ ನೀರು ಜಿನುಗಿ ಚಾಪೆಯ ಅಡಿ ಬೂಷ್ಟು ಹಿಡಿಯುತ್ತಿತ್ತು. ಪಕ್ಕದಲ್ಲೇ ಮನೆ ಕಟ್ಟುವ ಜಾಗ. ಸುಣ್ಣದ ಧೂಳು, ಕಲ್ಲಿನ ಧೂಳು ಬಂದು ಅನ್ನದ ಮೇಲೆ ಕೂರುತ್ತಿತ್ತು. ಸಿಮೆಂಟು ಬಂದಿಲ್ಲ ಎಂದು ಒಂದು ಸಲ, ಕಂಟ್ರಾಕ್ಟರು ಬದಲಾದ ಎಂದು ಇನ್ನೊಂದು ಸಲ ಕೆಲಸ ನಿಲ್ಲುತ್ತಿತ್ತು. ಧೂಳು ಮಾತ್ರ ನಿಲ್ಲುತ್ತಿರಲಿಲ್ಲ.

ನಮ್ಮ ತಟ್ಟಿಯ ಆಚೆ ಅಂತೋಣಪ್ಪ ಮತ್ತು ಅವರ ಹೆಂಡತಿ ಮರಿಯಮ್ಮ ಇದ್ದರು. ಅಂತೋಣಪ್ಪ ಮಿಲ್ಲಿನಲ್ಲಿ ಹತ್ತಿ ಬಿಡಿಸುವ ಖಾತೆಯಲ್ಲಿ ಬಹಳ ವರ್ಷ ದುಡಿದವರು. ಅವರಿಗೆ ಕೆಮ್ಮು ಮೊದಲೇ ಇತ್ತು. ಹಳೆಯ ಲೈನಿನಲ್ಲಿ ಅವರು ಜಗಲಿಯ ಮೇಲೆ ಮಲಗುತ್ತಿದ್ದರು. ಇಲ್ಲಿ ಜಗಲಿಯೇ ಇಲ್ಲ. ಅವರ ತಲೆ ತಟ್ಟಿಯ ಆ ಬದಿ, ನನ್ನ ತಲೆ ಈ ಬದಿ.

ಎರಡನೆಯ ಮಳೆಗಾಲದಲ್ಲಿ ನನಗೆ ಕೆಮ್ಮು ಹತ್ತಿತು. ಅತ್ತೆ ಮೆಣಸಿನ ಕಷಾಯ ಕಾಯಿಸಿಕೊಟ್ಟರು, ಎದೆಗೆ ಎಣ್ಣೆ ತಿಕ್ಕಿದರು. ಹೋಗಲಿಲ್ಲ. ಸಂಜೆಯಾದರೆ ಮೈ ಬೆಚ್ಚಗಾಗುವುದು, ರವಿಕೆಯ ತೋಳು ಸಡಿಲವಾಗುವುದು, ಕೊಡ ಎತ್ತಿದರೆ ಕಣ್ಣು ಕತ್ತಲೆ ಬರುವುದು. ಯಾರಿಗೂ ಹೇಳಲಿಲ್ಲ. ನನ್ನೊಳಗೆ ನನಗೆ ಗೊತ್ತಿತ್ತು ಎಂದೇ ಈಗ ಅನ್ನಿಸುತ್ತದೆ. ಹೆಸರು ಹೇಳದಿದ್ದರೆ ಅದು ಬರುವುದಿಲ್ಲವೆಂದು ನಂಬಿಕೊಂಡಿದ್ದೆ.

ಒಂದು ಬೆಳಿಗ್ಗೆ ನಲ್ಲಿಯ ಕಟ್ಟೆಯ ಹತ್ತಿರ ಬಟ್ಟೆ ಒಗೆಯುತ್ತಿದ್ದಾಗ ಕೆಮ್ಮು ಬಂತು. ಒದ್ದೆ ಕಲ್ಲಿನ ಮೇಲೆ ಕೆಂಪಗೆ ಬಿತ್ತು. ನೀರು ಸುರಿದೆ. ತಲೆ ಎತ್ತಿದರೆ ಮರಿಯಮ್ಮ ನೋಡುತ್ತಿದ್ದರು. ಕೈಯಲ್ಲಿದ್ದ ಬಿಂದಿಗೆ ಇಳಿಸಿ ನನ್ನ ಹತ್ತಿರ ಬಂದು ಕೂತರು.

"ಎಷ್ಟು ದಿನ ಆಯ್ತು ಮಗಳೇ?"

"ಇದೇ ಮೊದಲು ಮರಿಯಮ್ಮ. ಯಾರಿಗೂ ಹೇಳ್ಬೇಡಿ."

"ಹೇಳಲ್ಲ. ಆದ್ರೆ ನೀನು ಹೇಳ್ಬೇಕು. ಇವತ್ತೇ ಹೇಳು ಗಂಡಂಗೆ. ನಮ್ಮನೇಲಿ ಹೇಳ್ದೆ ಹೇಳ್ದೆ ಅವ್ರ ಎದೆ ಪೂರ್ತಿ ಹೋಯ್ತು."

ಅಂತೋಣಪ್ಪನ ಕೆಮ್ಮು ಏನೆಂದು ನನಗೆ ತಿಳಿದದ್ದು ಆಗಲೇ.

ಸರ್ಕಾರಿ ಆಸ್ಪತ್ರೆಯಲ್ಲಿ ಎದೆಯ ಕಾಯಿಲೆಯವರಿಗೆ ಬೇರೆ ಬೆಂಚು. ಹೊರಗಡೆ ಬೇವಿನ ಮರದ ಕೆಳಗೆ ಹಾಕಿದ್ದರು. ಆ ಬೆಂಚಿನ ಮೇಲೆ ಕೂರುವುದಕ್ಕೆ ಮೊದಲು ನಾನು ಎರಡು ಸಲ ಅದರ ಮುಂದೆ ಹಾಯ್ದು ಹೋದೆ, ಬೇರೆ ಯಾರನ್ನೋ ನೋಡಲು ಬಂದವಳ ಹಾಗೆ. ಚನ್ನಪ್ಪ ಹೋಗಿ ಮೊದಲು ತಾವು ಕೂತರು, ಪಕ್ಕದ ಜಾಗವನ್ನು ಟವೆಲಿನಿಂದ ಒರೆಸಿದರು. ನಾನು ಹೋಗಿ ಕೂತೆ. ಅಲ್ಲಿದ್ದ ಪೇಟೆಯ ಹೆಂಗಸೊಬ್ಬಳು ಸರಿದು ಜಾಗ ಕೊಟ್ಟು, "ಹೊಸಬ್ರಾ? ಹೆದರ್ಕೋಬೇಡಿ. ಎಕ್ಸ್‌ರೇ ತಣ್ಣಗಿರತ್ತೆ, ನೋವಾಗಲ್ಲ" ಎಂದಳು. ಅವಳ ಹೆಸರು ಕೇಳಲಿಲ್ಲ. ಆಮೇಲೆ ಮತ್ತೆ ಸಿಗಲೂ ಇಲ್ಲ. ಆ ದಿನ ನನಗೆ ಯಾರಾದರೂ ಹೇಳಿದ ಒಳ್ಳೆಯ ಮಾತು ಅದೊಂದೇ.

ಒಂದು ವಾರ ಬಿಟ್ಟು ಲೇಡಿ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದರು. ಬಲಗಡೆ ಮೇಲುಭಾಗದಲ್ಲಿ ಹತ್ತಿ ಅಂಟಿದ ಹಾಗೆ ಬಿಳಿ ಮಚ್ಚೆ. ಹೆಸರು ಹೇಳಿದರು. ಚನ್ನಪ್ಪ ಕುರ್ಚಿಯ ಹಿಂಭಾಗ ಹಿಡಿದುಕೊಂಡರು. ನನಗೆ ಆ ಹೊತ್ತಿನಲ್ಲಿ ಹೊಳೆದದ್ದು ಒಂದೇ. ಬೆಳಿಗ್ಗೆ ಸರೋಜಳಿಗೆ ನನ್ನ ತಟ್ಟೆಯಿಂದಲೇ ತುತ್ತು ಕೊಟ್ಟಿದ್ದೆ.

"ವಾಸಿಯಾಗತ್ತೆ ಕಣಮ್ಮ. ಈಗ ಔಷಧಿ ಇದೆ, ಮುಂಚಿನ ಹಾಗಲ್ಲ" ಎಂದರು ಡಾಕ್ಟರು. "ಸ್ಯಾನಿಟೋರಿಯಂಗೆ ಹೆಸರು ಬರ್ಸಿರ್ತೀನಿ, ಆದ್ರೆ ಹಾಸಿಗೆ ಸಿಗೋದು ಯಾವಾಗ್ಲೋ. ಅಲ್ಲೀವರೆಗೂ ದಿನಾ ಬಂದು ಇಂಜೆಕ್ಷನ್ ತಗೋಬೇಕು. ಮನೇಲಿ ಬೇರೆ ಕೋಣೇಲಿ ಮಲಗು. ಕಿಟಕಿ ತೆಗೆದಿಟ್ಟಿರ್ಬೇಕು, ಬಿಸಿಲು, ಗಾಳಿ ಚೆನ್ನಾಗಿ ಬರ್ಬೇಕು. ಮಗೂನ ದೂರ ಇಡು."

ನನಗೆ ನಗು ಬಂತು. ಅಳಬೇಕಾದ ಕಡೆ ನಕ್ಕೆನೆಂದು ಚನ್ನಪ್ಪ ಗಾಬರಿಯಾದರು.

"ಯಾಕಮ್ಮ ನಗ್ತೀಯ?"

"ನಮ್ಮನೆಗೆ ಕಿಟಕೀನೇ ಇಲ್ಲ ಡಾಕ್ಟ್ರಮ್ಮ. ಬೇರೆ ಕೋಣೆ ಅಂದ್ರೆ ತಟ್ಟಿ ಆಚೆ ಬೇರೆಯವರ ಮನೆ."

ಅವರು ಪೆನ್ನು ಕೆಳಗಿಟ್ಟರು. ಎಲ್ಲಿರುವುದು, ಎಷ್ಟು ದಿನದಿಂದ, ಯಾರು ಇರಿಸಿದ್ದು ಎಂದೆಲ್ಲ ಕೇಳಿ ಬರೆದುಕೊಂಡರು. ಈ ಕಾಯಿಲೆಗೂ ನಾವಿದ್ದ ಜಾಗಕ್ಕೂ ಸಂಬಂಧವಿದೆ ಎಂಬುದು ಮೊದಲ ಸಲ ಒಬ್ಬರ ಮುಖದ ಮೇಲೆ ನನಗೆ ಕಂಡಿತು. ಅಲ್ಲಿಯವರೆಗೆ ನಾನೇ ಏನೋ ತಪ್ಪು ಮಾಡಿದ್ದೇನೆಂದು ತಿಳಿದಿದ್ದೆ.

ಸರೋಜಳಿಗೆ ನಾಲ್ಕು ವರ್ಷ. ಅವಳನ್ನು ಕೆಂಗೇರಿಯಲ್ಲಿದ್ದ ನನ್ನ ತಂಗಿ ಜಯಳ ಮನೆಗೆ ಕಳಿಸಿದೆವು. ಚನ್ನಪ್ಪ ಎತ್ತಿಕೊಂಡು ಹೊರಟಾಗ ಮಗು ನನ್ನ ಕಡೆ ಕೈ ಚಾಚಿತು. ನಾನು ಬಾಗಿಲಿನಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದೆ, ಮುಂದೆ ಹೋಗಲಿಲ್ಲ. ಅವಳಿಗೆ ಏನು ಅರ್ಥವಾಗಿರಬೇಕು? ಅಮ್ಮ ಎತ್ತಿಕೊಳ್ಳಲಿಲ್ಲ, ಅಷ್ಟೇ.

ಅತ್ತೆಯನ್ನೂ ಹೋಗಿ ಎಂದೆವು. ಒಪ್ಪಲಿಲ್ಲ. "ನಾನ್ಯಾಕವ್ವ ಓಗ್ಲಿ? ನಂಗೇನು ವಯಸ್ಸು ಬಾಕಿ ಐತಾ? ನೀನು ಉಂಡ್ ತಟ್ಟೆ ನಾನ್ ತೊಳೀತೀನಿ, ಬುಡು" ಎಂದು ಒಲೆಯ ಮುಂದೆ ಕೂತುಬಿಟ್ಟರು. ನನಗೂ ಅವರಿಗೂ ಮದುವೆಯಾದಾಗಿನಿಂದ ಸರಿಯಿರಲಿಲ್ಲ. ಅಂದಿನಿಂದ ನಾನು ಅವರಿಗೆ ಎದುರಾಡಲಿಲ್ಲ.

ದಿನವೂ ನಡೆದು ಹೋಗಿ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೆ. ಸೊಂಟ ಗಂಟುಗಂಟಾಯಿತು. ಕಿವಿಯಲ್ಲಿ ಸದಾ ದುಂಬಿ ಹೊಕ್ಕ ಹಾಗೆ ಗುಂಯ್ಗುಡುವುದು. ಜೊತೆಗೆ ಕೊಡುತ್ತಿದ್ದ ಪುಡಿ ಹೊಟ್ಟೆಯನ್ನೇ ತಿರುಚುತ್ತಿತ್ತು. ಬಾಯಿಗೆ ಹಾಕಿಕೊಂಡ ಅರ್ಧ ಗಂಟೆ ಯಾರೂ ನನ್ನನ್ನು ಮಾತಾಡಿಸುವ ಹಾಗಿರಲಿಲ್ಲ. ಇಷ್ಟನ್ನೂ ತಡೆದುಕೊಂಡೆ. ತಡೆಯಲಾಗದ್ದು ಮರಳಿ ಬಂದು ಅದೇ ತಗಡಿನ ಗೂಡಿನಲ್ಲಿ, ಅದೇ ಹೊಗೆಯಲ್ಲಿ ಮಲಗುವುದು. ಔಷಧಿ ಒಂದು ಕೈಯಲ್ಲಿ ಕೊಟ್ಟದ್ದನ್ನು ಷೆಡ್ಡು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಚನ್ನಪ್ಪ ತಗಡು ಕತ್ತರಿಸುವ ಕತ್ತರಿ, ಉಳಿ, ಸುತ್ತಿಗೆ ತಂದರು. ನನ್ನನ್ನು ಹೊರಗೆ ಕೂರಿಸಿ ಹಿಂದಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದರು. ಮೂರು ಬದಿ ಕತ್ತರಿಸಿ ಮೇಲಿನ ಬದಿ ಹಾಗೇ ಬಿಟ್ಟು ತಗಡನ್ನು ಹೊರಕ್ಕೆ ಎತ್ತಿ ಕೋಲು ಆನಿಸಿದರು. ಅಂಚಿಗೆ ಕೈ ಕೊಯ್ಯದಂತೆ ಬಡಿದು ಮಡಿಸಿದರು. ಕೇತಮಾರನಹಳ್ಳಿ ಕಡೆಯ ರಾಗಿ ಹೊಲದ ಗಾಳಿ ಒಳಗೆ ಬಂತು. ಎರಡು ವರ್ಷದಲ್ಲಿ ಮೊದಲ ಸಲ ನನ್ನ ಚಾಪೆಯ ಮೇಲೆ ಬಿಸಿಲು ಬಿತ್ತು. ಸಂಜೆಯೊಳಗೆ ಚನ್ನಪ್ಪ ಅಂತೋಣಪ್ಪನ ಕೋಣೆಗೂ ಒಂದು ಕಿಟಕಿ ಕತ್ತರಿಸಿದರು. ಮುಂದಿನ ವಾರ ಸಾಲಿನ ಬೇರೆಯವರೂ ಕತ್ತರಿ ಕೇಳಿಕೊಂಡು ಬಂದರು.

ಹದಿನೈದು ದಿನದೊಳಗೆ ನೋಟೀಸು ಬಂತು. ಸರ್ಕಾರದ ಸ್ವತ್ತನ್ನು ಹಾಳುಮಾಡಿದ್ದೀರಿ, ವಾರದೊಳಗೆ ತೂತು ಮುಚ್ಚತಕ್ಕದ್ದು, ತಪ್ಪಿದರೆ ಹೊಸ ಮನೆಯ ಪಟ್ಟಿಯಿಂದ ಹೆಸರು ತೆಗೆಯಲಾಗುವುದು. ವಠಾರದ ಕಾಗದಗಳನ್ನೆಲ್ಲ ಓದಿ ಹೇಳುತ್ತಿದ್ದವಳು ನಾನಲ್ಲವೇ, ಅದನ್ನೂ ನಾನೇ ಎಲ್ಲರಿಗೂ ಓದಿ ಹೇಳಿದೆ. "ತೂತು" ಎಂಬ ಮಾತನ್ನು ಎರಡು ಸಲ ಓದಿದೆ. ನಮ್ಮನ್ನು ಎರಡು ವರ್ಷ ಕಿಟಕಿಯಿಲ್ಲದೆ ಇರಿಸಿದ್ದು ಹಾಳುಮಾಡಿದ್ದಲ್ಲ. ಕಿಟಕಿ ಮಾಡಿಕೊಂಡದ್ದು ಹಾಳುಮಾಡಿದ್ದು!

ಮರುದಿನ ಎಕ್ಸ್‌ರೇಯನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆ ಹಂಚುವ ಕಛೇರಿಗೆ ಹೋದೆ. ಚನ್ನಪ್ಪನಿಗೆ ರಜ ಸಿಗಲಿಲ್ಲ. ಅತ್ತೆ ಜೊತೆಗೆ ಬಂದರು. ಮಧ್ಯಾಹ್ನದವರೆಗೂ ಕಾಯಿಸಿ ಒಳಗೆ ಕರೆದರು. ಅಧಿಕಾರಿ ನೋಟೀಸನ್ನು ನೋಡಿದರು, ಎಕ್ಸ್‌ರೇಯನ್ನು ಮುಟ್ಟಲಿಲ್ಲ. ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರು.

"ನೋಡಮ್ಮ, ತಗಡಿನ ವಿಷಯ ಒಂದು ಕಡೆ ಇರ್ಲಿ. ಅಂಟುರೋಗ ಇರೋ ಮನೆಯೋರಿಗೆ ಹೊಸ ಮನೆ ಕೊಡೋ ಹಾಗಿಲ್ಲ. ವಾಸಿ ಆಗಿದೆ ಅಂತ ಸರ್ಟಿಫಿಕೇಟ್ ತನ್ನಿ, ಆಮೇಲೆ ನೋಡೋಣ."

"ಸಾರ್, ನಿಮ್ಮ ಷೆಡ್ಡಿಗೆ ಬಂದಮೇಲೇ ಈ ರೋಗ ಬಂದಿದ್ದು."

"ಅದಕ್ಕೆ ಪುರಾವೆ ಏನಿದೆ? ಹೊಸ ಮನೆಗಳಲ್ಲಿ ಅಕ್ಕಪಕ್ಕದೋರು ಒಪ್ಬೇಕಲ್ಲ?"

"ಷೆಡ್ಡಲ್ಲಿ ನನ್ನ ತಲೆ ಹತ್ರ ರೋಗಿಯನ್ನ ಮಲಗಿಸೋವಾಗ ನಮ್ಮನ್ನ ಕೇಳಿದ್ರಾ ಸಾರ್? ಆ ಮುದುಕ್ರನ್ನ ಕೇಳಿದ್ರಾ? ಅವರೇನು ಬೇಕು ಅಂತ ಬಂದು ನನ್ ಮೇಲೆ ಕೆಮ್ಮಿದ್ರಾ?"

ನನ್ನ ದನಿ ಏರಿತ್ತು. ಗುಮಾಸ್ತರು ತಲೆಯೆತ್ತಿ ನೋಡಿದರು. ಕೆಮ್ಮು ಬಂತು. ಅಧಿಕಾರಿ ಕೈವಸ್ತ್ರ ಮೂಗಿಗೆ ಹಿಡಿದು, "ಮೊದ್ಲು ಹೊರಗೆ ಕರ್ಕೊಂಡು ಹೋಗಿ" ಎಂದರು. ಅತ್ತೆ ನನ್ನ ತೋಳು ಹಿಡಿದುಕೊಂಡು ಹೊರಟವರು ಬಾಗಿಲಲ್ಲಿ ತಿರುಗಿ ನಿಂತರು. "ಒಂದಿನ, ಒಂದೇ ದಿನ ಬಂದು ಅಲ್ಲಿ ಮಲ್ಕಳಪ್ಪ. ಆಮೇಲೆ ಮಾತಾಡು" ಎಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಇಬ್ಬರೂ ಅತ್ತೆವು. ಸೊಸೆಯೂ ಅತ್ತೆಯೂ ಒಟ್ಟಿಗೆ ಅತ್ತದ್ದು ಅದೇ ಮೊದಲು.

ಇಂಜೆಕ್ಷನ್ನಿಗೆ ಹೋದಾಗ ನಡೆದದ್ದನ್ನು ಲೇಡಿ ಡಾಕ್ಟರಿಗೆ ಹೇಳಿದೆ. ನೋಟೀಸಿನ ಗಡುವು ಯಾವತ್ತಿಗೆ ಎಂದು ಕೇಳಿಕೊಂಡರು. ವಾರದ ಗಡುವು ಮುಗಿಯುವ ದಿನ ಕಛೇರಿಯ ಓವರ್ಸಿಯರು ಇಬ್ಬರು ಆಳುಗಳೊಂದಿಗೆ ತಗಡು, ಮೊಳೆ ಹಿಡಿದು ಬಂದ. ಅತ್ತೆ ಹಿಂಬದಿಗೆ ಹೋಗಿ ಕಿಟಕಿಗೆ ಬೆನ್ನುಕೊಟ್ಟು ಕೂತರು. ಪಕ್ಕದ ಕಿಟಕಿಗೆ ಮರಿಯಮ್ಮ. ಆಮೇಲೆ ಸಾಲಿನ ಹೆಂಗಸರೆಲ್ಲ ತಮ್ಮ ತಮ್ಮ ಕಿಟಕಿಯ ಕೆಳಗೆ ಬಂದು ಕೂತರು, ಕೆಲವರು ಅಕ್ಕಿ ಆರಿಸುವ ಮೊರ ಸಮೇತ. "ಏಳಮ್ಮ, ನನ್ ಕೆಲಸಕ್ಕೆ ಕುತ್ತು ತರ್ಬೇಡಿ" ಎಂದು ಓವರ್ಸಿಯರು ಬೇಡಿಕೊಂಡ. ಯಾರೂ ಏಳಲಿಲ್ಲ.

ಹೀಗಿರುವಾಗ ಒಂದು ಜಟಕಾ ಬಂದು ನಿಂತಿತು. ಲೇಡಿ ಡಾಕ್ಟರು ಇಳಿದರು. ಸಾಲಿನಲ್ಲಿ ಬೇರೆ ಯಾರಿಗೆ ಕೆಮ್ಮಿದೆ ಎಂದು ನೋಡುವುದಕ್ಕೆ ಬಂದೆ ಎಂದರು. ಬಗ್ಗಿ ನಮ್ಮ ಕೋಣೆಯೊಳಗೆ ಬಂದರು. ತಟ್ಟಿ ಮುಟ್ಟಿ ನೋಡಿದರು, ಚಾಪೆ ಎತ್ತಿ ನೆಲ ನೋಡಿದರು. ಆಮೇಲೆ ಔಷಧಿ ಬರೆಯುವ ಚೀಟಿಯನ್ನೇ ತೆಗೆದು ನನ್ನ ಹೆಸರು, ವಯಸ್ಸು ಹಾಕಿ, ಇಂಜೆಕ್ಷನ್, ಪುಡಿ ಇವುಗಳ ಕೆಳಗೆ ಮೂರನೆಯದಾಗಿ ಒಂದು ಸಾಲು ಬರೆದು ಓವರ್ಸಿಯರನ ಕೈಗೆ ಕೊಟ್ಟರು. ಅವನು ಗಟ್ಟಿಯಾಗಿ ಓದಿದ: "ಹಿಂದಿನ ಗೋಡೆಯ ಕಿಟಕಿ, ಹಗಲೂ ರಾತ್ರಿ ತೆರೆದಿರತಕ್ಕದ್ದು."

"ಇದು ಚಿಕಿತ್ಸೆ. ಮುಚ್ಚೋದಾದ್ರೆ ಮುಚ್ಚಿ. ಯಾರ ಆರ್ಡರ್ ಮೇಲೆ ಮುಚ್ಚಿದ್ರಿ ಅಂತ ಇದರ ಕೆಳಗೆ ಬರ್ದು ಸೈನ್ ಹಾಕ್ಕೊಡಿ" ಎಂದರು ಡಾಕ್ಟರು.

ಅವನು ಸೈನ್ ಹಾಕಲಿಲ್ಲ. ತಗಡು ಹೊತ್ತುಕೊಂಡು ಹೋದರು. ಚೀಟಿಯನ್ನು ಅತ್ತೆ ಅನ್ನದ ಅಗುಳಿನಿಂದ ಕಿಟಕಿಯ ಪಕ್ಕಕ್ಕೆ ಅಂಟಿಸಿದರು.

ಇದನ್ನು ಓದಿ ಗೆದ್ದೆವು ಎಂದುಕೊಳ್ಳಬೇಡಿ. ಮೂರನೆಯ ಮಳೆಗಾಲ ಮುಗಿಯುವ ಮುಂಚೆ ಅಂತೋಣಪ್ಪ ತೀರಿಕೊಂಡರು. ಅವರಿಗೆ ಕಿಟಕಿ ಬಹಳ ತಡವಾಗಿ ಬಂದಿತ್ತು. ಕೊನೆಯ ದಿನಗಳಲ್ಲಿ ಒಮ್ಮೆ ತಟ್ಟಿಯ ಆಚೆಯಿಂದ, "ಅಮ್ಮಾ, ನನ್ನಿಂದ ನಿಂಗೆ ಬಂತು. ಮನಸ್ಸಲ್ಲಿ ಇಟ್ಕೋಬೇಡ" ಎಂದಿದ್ದರು. ನಾನು, "ನಿಮ್ಮಿಂದ ಅಲ್ಲಪ್ಪ" ಎಂದೆ. ಅವರಿಗೆ ಸಮಾಧಾನ ಹೇಳಲು ಅಂದ ಮಾತಲ್ಲ ಅದು. ಆಗಲೂ ಅದನ್ನೇ ನಂಬಿದ್ದೆ, ಈಗಲೂ ನಂಬುತ್ತೇನೆ. ಜೀವಮಾನವೆಲ್ಲ ಹತ್ತಿಯ ಧೂಳು ನುಂಗಿದ ಮನುಷ್ಯನನ್ನು ಗಾಳಿಯಿಲ್ಲದ ಗೂಡಿನಲ್ಲಿ ಕೂಡಿಹಾಕಿ, ಸಾಯುವಾಗ ಅವರ ಬಾಯಿಂದಲೇ ಕ್ಷಮೆ ಕೇಳಿಸಿದ ವ್ಯವಸ್ಥೆಯನ್ನು ನಾನು ಕ್ಷಮಿಸಿಲ್ಲ.

ಔಷಧಿ ಶುರುವಾಗಿ ಒಂದೂವರೆ ವರ್ಷಕ್ಕೆ ನನ್ನ ಕಫದಲ್ಲಿ ರೋಗವಿಲ್ಲ ಎಂದು ಬರೆದುಕೊಟ್ಟರು. ಸ್ಯಾನಿಟೋರಿಯಂನ ಹಾಸಿಗೆ ಕೊನೆಗೂ ಬರಲೇ ಇಲ್ಲ. ಸರ್ಟಿಫಿಕೇಟು ತೋರಿಸಿದ ಮೇಲೆ ನಮಗೆ ಹೊಸ ಮನೆಯ ಬೀಗದ ಕೈ ಸಿಕ್ಕಿತು. ಮನೆ ಒಳ್ಳೆಯದು, ಸುಳ್ಳು ಹೇಳುವುದಿಲ್ಲ. ನಲ್ಲಿ ತಿರುಗಿಸಿದರೆ ನೀರು, ಕೋಣೆಗೊಂದು ಕಿಟಕಿ. ಆದರೆ ಮರಿಯಮ್ಮನ ಮನೆಯನ್ನು ಪಟ್ಟಿಯಿಂದ ಹೊಡೆದುಹಾಕಿದ್ದರು. ಮನೆ ಇದ್ದದ್ದು ಅಂತೋಣಪ್ಪನ ಹೆಸರಿನಲ್ಲಿ, ಅಂತೋಣಪ್ಪ ಈಗ ಇಲ್ಲ ಎಂದರು. ಮರಿಯಮ್ಮ ತಮ್ಮ ಟ್ರಂಕು ತಂದು ನಮ್ಮ ಮುಂದಿನ ಕೋಣೆಯಲ್ಲಿ ಇಟ್ಟರು. ನಾನು ಅರ್ಜಿ ಬರೆಯುತ್ತಾ ಹೋದೆ. ಕಛೇರಿಯಲ್ಲಿ ಈಗ ಯಾರೂ ಕುರ್ಚಿ ಹಿಂದೆ ಸರಿಸುತ್ತಿರಲಿಲ್ಲ. ನನ್ನನ್ನು ಕಂಡರೆ ಫೈಲು ತೆಗೆಯುತ್ತಿದ್ದರು. ವರ್ಷವಾದ ಮೇಲೆ ಕೊನೆಯ ಸಾಲಿನಲ್ಲಿ ಮರಿಯಮ್ಮನಿಗೂ ಒಂದು ಮನೆ ಕೊಟ್ಟರು.

ನಮಗೆ ಮನೆ ಸಿಕ್ಕ ವಾರವೇ ಸರೋಜಳನ್ನು ಕರೆತರಲು ಚನ್ನಪ್ಪನೂ ನಾನೂ ಕೆಂಗೇರಿಗೆ ಹೋದೆವು. ಇನ್ನು ಮಗುವಿಗೆ ಮುತ್ತು ಕೊಡಬಹುದು ಎಂದು ಡಾಕ್ಟರು ಹೇಳಿದ್ದರು. ದಾರಿಯುದ್ದಕ್ಕೂ ರೈಲಿನಲ್ಲಿ ನಾನು ಅದನ್ನೇ ನೆನೆಯುತ್ತಾ ಕೂತಿದ್ದೆ. ಅವಳು ಎತ್ತರವಾಗಿದ್ದಳು. ಜಯಳ ಸೀರೆ ಹಿಡಿದುಕೊಂಡು ನಿಂತಿದ್ದಳು. "ಯಾರು ಬಂದಿದಾರೆ ನೋಡು" ಎಂದು ಜಯ ಮುಂದಕ್ಕೆ ತಳ್ಳಿದಳು. ನಾನು ಕೈ ಚಾಚಿದೆ. ಮಗು ನನ್ನ ಮುಖವನ್ನು ಚೆನ್ನಾಗಿ ನೋಡಿ, ಮನೆಗೆ ಬಂದ ಹೊಸಬರನ್ನು ಕೇಳುವ ಹಾಗೆ, ಬಹಳ ಮರ್ಯಾದೆಯಿಂದ ಕೇಳಿದಳು:

"ನೀವು ಊಟ ಮಾಡ್ಕೊಂಡು ಹೋಗ್ತೀರಾ?"

ಅವಳು ಮತ್ತೆ ನನ್ನನ್ನು "ನೀನು" ಎನ್ನುವುದಕ್ಕೆ ಎಷ್ಟು ದಿನ ಬೇಕಾಯಿತೆಂದು ನಾನು ಯಾರಿಗೂ ಹೇಳಿಲ್ಲ. ಯಾವ ಅರ್ಜಿಯಲ್ಲೂ ಅದನ್ನು ಬರೆಯುವುದಕ್ಕೆ ಜಾಗ ಬಿಟ್ಟಿರಲಿಲ್ಲ.